ಮನೆ ಸಾಲಕ್ಕೆ ಅರ್ಜಿ ಹಾಕುವ ಮುಂಚೆ ಸಿಬಿಲ್ ಸರಿಮಾಡಿಕೊಳ್ಳುವುದು ಹೇಗೆ

ಮೈಸೂರಿನ ಬೋಗಾದಿ ಕಡೆಯಲ್ಲೋ ಮಂಡ್ಯದ ಹೊರವಲಯದಲ್ಲೋ ಸೈಟು ನೋಡಿ, ಮುಂಗಡ ಕೊಟ್ಟು, ಆಮೇಲೆ ಬ್ಯಾಂಕಿಗೆ ಹೋಗಿ "ನಿಮ್ಮ ಸಿಬಿಲ್ ಕಮ್ಮಿ ಇದೆ" ಅನ್ನಿಸಿಕೊಂಡು ವಾಪಸು ಬರುವವರು ಬಹಳ ಮಂದಿ. ಮುಂಗಡ ಆಮೇಲೆ ಕೊಡಿ, ಸಿಬಿಲ್ ಮೊದಲು ನೋಡಿ. ಸಿಬಿಲ್ ಅಂದರೆ ನೀವು ಸಾಲ ತೀರಿಸಿಕೊಂಡು ಬಂದ ರೀತಿಗೆ ಸಿಗುವ ಅಂಕ, ಅಂದರೆ ಸ್ಕೋರ್. ಕೆಟ್ಟಿದ್ದರೆ ಸರಿಪಡಿಸಲು ಒಂದು ವರ್ಷ ಬೇಕು ಅಂದುಕೊಳ್ಳಿ. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದಕ್ಕಿಂತ ಕೆಳಗಿದ್ದರೆ ಸಾಲ ಸಿಕ್ಕರೂ ಬಡ್ಡಿ ಏರುತ್ತದೆ. 30 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಪಡೆದರೆ ಶೇ 8.5ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 26,035 ರೂ., ಶೇ 9.5ರಲ್ಲಿ 27,964 ರೂ. ಆ ಒಂದು ಪರ್ಸೆಂಟಿಗೆ ಒಟ್ಟು 4.6 ಲಕ್ಷ ಹೆಚ್ಚು ಕಟ್ಟಬೇಕಾಗುತ್ತದೆ.

ಮೊದಲು ವರದಿ ತೆಗೆಸಿ

ದೇಶದಲ್ಲಿ ನಾಲ್ಕು ಸಂಸ್ಥೆಗಳು ಈ ಲೆಕ್ಕ ಇಡುತ್ತವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅವುಗಳ ಜಾಲತಾಣದಲ್ಲೇ ಪ್ಯಾನ್ ನಂಬರ್ ಹಾಕಿ ತೆಗೆಯಿರಿ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ನಾಲ್ಕನ್ನೂ ತೆಗೆಸಿದರೆ ಒಳ್ಳೆಯದು, ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಇರುತ್ತದೆ.

ಮುಖಪುಟದ ಅಂಕಿಯನ್ನು ಬಿಟ್ಟು ಒಳಗಿನ ಸಾಲಗಳ ಪಟ್ಟಿಗೆ ಬನ್ನಿ. ಪ್ರತಿ ಸಾಲದ ಕೆಳಗೆ ತಿಂಗಳುವಾರು ಚೌಕಗಳಿರುತ್ತವೆ. 000 ಎಂದರೆ ಆ ತಿಂಗಳ ಕಂತು ಸರಿಯಾಗಿ ಹೋಗಿದೆ, 030 ಎಂದರೆ 30 ದಿನ ತಡವಾಗಿದೆ. ಎಕ್ಸ್‌ಎಕ್ಸ್‌ಎಕ್ಸ್ ಇದ್ದರೆ ಬ್ಯಾಂಕು ಆ ತಿಂಗಳ ಮಾಹಿತಿ ಕಳಿಸಿಲ್ಲ. 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ. ಮನೆ ಸಾಲದ ಅಧಿಕಾರಿ ಮೊದಲು ಕಣ್ಣು ಹಾಯಿಸುವುದು ಈ ಚೌಕಗಳ ಮೇಲೆಯೇ.

ತಪ್ಪು ನಮೂದು

ನಮ್ಮ ಕಡೆ ಹೆಸರಿನ ಗೋಜಲು ಜಾಸ್ತಿ. ಒಂದು ಊರಲ್ಲೇ ನಾಲ್ಕು ಜನ ಮಹದೇವಸ್ವಾಮಿ, ಐದು ಜನ ಪುಟ್ಟಸ್ವಾಮಿ ಇರುತ್ತಾರೆ. ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ. ಪ್ಯಾನ್ ಇಲ್ಲದೆ ತೆರೆದ ಹಳೇ ಸಾಲ ಬೇರೆಯವರ ವರದಿಗೆ ಸೇರುವುದು ಹೀಗೆಯೇ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ಕಾಣುವುದೂ ಉಂಟು. 2018ರಲ್ಲಿ ರಾಜ್ಯ ಸರ್ಕಾರದ ಸಾಲಮನ್ನಾಕ್ಕೆ ಸೇರಿದ್ದವರು ಆ ಖಾತೆ ಪೂರ್ತಿ ಮುಚ್ಚಿದೆಯೇ ಎಂದು ಖಂಡಿತ ನೋಡಿಕೊಳ್ಳಬೇಕು. ಮನ್ನಾ ಮಿತಿಗಿಂತ ಮೇಲೆ ಉಳಿದ ಸಣ್ಣ ಮೊತ್ತವೂ ಬಡ್ಡಿ ಸೇರಿಸಿಕೊಳ್ಳುತ್ತಾ ಬಾಕಿಯಾಗಿಯೇ ನಿಲ್ಲುತ್ತದೆ.

ತಪ್ಪಿದ್ದರೆ ಆಯಾ ಸಂಸ್ಥೆಯ ಜಾಲತಾಣದಲ್ಲಿ ತಕರಾರು ದಾಖಲಿಸಿ. ವರದಿಯ ಕಂಟ್ರೋಲ್ ನಂಬರ್ ಬೇಕಾಗುತ್ತದೆ, ಶುಲ್ಕವಿಲ್ಲ. ಜೊತೆಗೇ ಸಾಲ ಕೊಟ್ಟ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ, ಏಕೆಂದರೆ ತಿದ್ದುಪಡಿ ಹೊರಡಬೇಕಾದದ್ದು ಅಲ್ಲಿಂದಲೇ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆಮೇಲೂ ಆಗದಿದ್ದರೆ ಗ್ರಾಹಕರ ದೂರು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. 14448ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. "ಹದಿನೈದು ದಿನದಲ್ಲಿ ಸಿಬಿಲ್ ಏರಿಸಿಕೊಡುತ್ತೇವೆ" ಅನ್ನುವ ಏಜೆಂಟರಿಗೆ ದುಡ್ಡು ಸುರಿಯಬೇಡಿ. ನಿಜವಾದ ಬಾಕಿಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ.

ಬಾಕಿ ತೀರಿಸುವ ಕ್ರಮ

ಕೈಯಲ್ಲಿ ದುಡ್ಡು ಕಡಿಮೆಯಿದ್ದಾಗ ಯಾವುದನ್ನು ಮೊದಲು ಕಟ್ಟಬೇಕು? ಈಗ ನಡೆಯುತ್ತಿರುವ, 30–60 ದಿನ ತಡವಾಗಿರುವ ಖಾತೆಗಳನ್ನು. ಅವು 90 ದಿನ ದಾಟದಂತೆ ತಡೆಯಿರಿ. ಹೊಸ ತಪ್ಪು ಹಳೆಯದಕ್ಕಿಂತ ಜೋರಾಗಿ ಹೊಡೆಯುತ್ತದೆ. ಆಮೇಲೆ ಹಳೇ ಸುಸ್ತಿ ಸಾಲಕ್ಕೆ ಕೈಹಾಕಿ.

ಹೆಚ್ಚಿನವರು ಎಡವುವುದು ಇಲ್ಲಿ. ವಸೂಲಿಯವರು ಬಂದು "80 ಸಾವಿರ ಬಾಕಿಗೆ 40 ಸಾವಿರ ಕಟ್ಟಿ, ಮುಗಿಸಿಬಿಡೋಣ" ಅನ್ನುತ್ತಾರೆ. ಹಾಗೆ ಕಟ್ಟಿದರೆ ವರದಿಯಲ್ಲಿ 'ಕ್ಲೋಸ್ಡ್' ಎಂದು ಬರುವುದಿಲ್ಲ, 'ಸೆಟಲ್ಡ್' ಎಂದು ಬರುತ್ತದೆ. ಪೂರ್ತಿ ಕಟ್ಟಲಿಲ್ಲ ಎಂದೇ ಅದರ ಅರ್ಥ. ಮನೆ ಸಾಲದ ಮೇಜಿನ ಮೇಲೆ ಆ ಒಂದು ಪದ ವರ್ಷಗಟ್ಟಲೆ ಅಡ್ಡ ಕೂರುತ್ತದೆ. ಸಾಧ್ಯವಿದ್ದರೆ ಅಸಲು, ಬಡ್ಡಿ ಪೂರ್ತಿ ಕಟ್ಟಿ. ದಂಡದ ಮೊತ್ತವನ್ನಷ್ಟೇ ಕಡಿಮೆ ಮಾಡುವಂತೆ ಕೇಳಿ, ಖಾತೆಯನ್ನು 'ಕ್ಲೋಸ್ಡ್' ಎಂದೇ ವರದಿ ಮಾಡುತ್ತೇವೆ ಎಂದು ಕಟ್ಟುವ ಮುಂಚೆಯೇ ಬರೆಸಿಕೊಳ್ಳಿ. ಈಗಾಗಲೇ ಸೆಟಲ್ ಮಾಡಿಕೊಂಡಿದ್ದರೆ, ಬಿಟ್ಟುಕೊಟ್ಟ ಮೊತ್ತವನ್ನು ಕಟ್ಟಿ ಸ್ಥಿತಿ ಬದಲಿಸಲು ಒಪ್ಪುತ್ತಾರೆಯೇ ಎಂದು ಶಾಖೆಯಲ್ಲಿ ಕೇಳಿ. ಕಟ್ಟಿದ ಮೇಲೆ ಬಾಕಿ ಇಲ್ಲ ಎಂಬ ಪತ್ರವನ್ನು ತಪ್ಪದೆ ಪಡೆಯಿರಿ. ವಸೂಲಿಯವರ ಕೈಗೆ ನಗದು ಕೊಡಬೇಡಿ, ಸಾಲದ ಖಾತೆಗೇ ಹಾಕಿ.

ಮಂಡ್ಯ ಕಡೆಯ ಕಬ್ಬಿನ ಬೆಳೆಗಾರರಿಗೆ ತೊಂದರೆಯೇ ಬೇರೆ. ಕಬ್ಬಿನ ಬಿಲ್ಲು 14 ದಿನದಲ್ಲಿ ಬರಬೇಕೆಂಬ ನಿಯಮವಿದ್ದರೂ ತಡವಾಗುವುದುಂಟು. ಟ್ರ್ಯಾಕ್ಟರ್ ಕಂತು ಮಾತ್ರ ಕಾಯುವುದಿಲ್ಲ. ಹೊಸ ಸಾಲ ಮಾಡುವಾಗ ಬಟವಾಡೆಯ ಕಾಲಕ್ಕೆ ಹೊಂದುವ ಅರ್ಧವಾರ್ಷಿಕ ಕಂತು ಕೇಳಿ. ಸಂಬಳದವರು ಕಂತಿನ ದಿನಾಂಕವನ್ನು ಸಂಬಳ ಬಂದ ಎರಡು ಮೂರು ದಿನದ ನಂತರಕ್ಕೆ ಹಾಕಿಸಿಕೊಳ್ಳಲಿ, ಹಿಂದಿನ ದಿನವೇ ಖಾತೆಯಲ್ಲಿ ದುಡ್ಡು ಇರಲಿ.

ಒಡವೆ ಸಾಲ, ಮೈಕ್ರೋಫೈನಾನ್ಸ್ ಗುಂಪಿನ ಸಾಲ, ನೀವು ಜಾಮೀನು ಹಾಕಿದ ಸಾಲ, ಇವೂ ವರದಿಯಲ್ಲಿ ಬರುತ್ತವೆ. ಭಾವಮೈದುನನ ಬೈಕಿಗೆ ಹಾಕಿದ ಸಹಿ ನಿಮ್ಮ ಮನೆಗೆ ಅಡ್ಡಬರಬಹುದು.

ಹೊಸ ದಾಖಲೆ ಕಟ್ಟುವುದು

ಬಾಕಿ ತೀರಿಸಿದ ಮಾತ್ರಕ್ಕೆ ಸ್ಕೋರ್ ಏರಿಬಿಡುವುದಿಲ್ಲ, ಸರಿಯಾಗಿ ಕಟ್ಟಿದ ತಿಂಗಳುಗಳು ಸಾಲಾಗಿ ಕಾಣಬೇಕು. ಯಾವ ಬ್ಯಾಂಕೂ ಕಾರ್ಡ್ ಕೊಡದಿದ್ದರೆ 20–25 ಸಾವಿರ ರೂ. ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ಪಡೆಯಿರಿ. 20 ಸಾವಿರ ಮಿತಿಯಿದ್ದರೆ ತಿಂಗಳಿಗೆ 6 ಸಾವಿರದೊಳಗೆ, ಅಂದರೆ ಶೇ 30ರೊಳಗೆ ಬಳಸಿ. ವರದಿಗೆ ಸಾಮಾನ್ಯವಾಗಿ ಹೋಗುವುದು ಬಿಲ್ ತಯಾರಾಗುವ ದಿನದ ಮೊತ್ತ. ಹಾಗಾಗಿ ಖರ್ಚು ಮೀರಿದ್ದರೆ ಬಿಲ್ ಬರುವ ಮುಂಚೆಯೇ ಒಂದಷ್ಟು ಕಟ್ಟಿಬಿಡಿ. ಬಿಲ್ ಬಂದ ಮೇಲೆ ಪೂರ್ತಿ ಕಟ್ಟಿ. 'ಮಿನಿಮಮ್ ಡ್ಯೂ' ಕಟ್ಟಿದರೆ ಸುಸ್ತಿ ಆಗುವುದಿಲ್ಲ ನಿಜ, ಆದರೆ ಬಡ್ಡಿ ಬೆಳೆದು ಬಳಕೆಯ ಪ್ರಮಾಣ ಇಳಿಯುವುದೇ ಇಲ್ಲ. ಚೆನ್ನಾಗಿ ನಡೆದಿರುವ ಹಳೇ ಕಾರ್ಡನ್ನು ಮುಚ್ಚಬೇಡಿ.

ಈ ವರ್ಷದಲ್ಲಿ ಮೊಬೈಲ್ ಆ್ಯಪ್ ಸಾಲ ಬೇಡ. ಪ್ರತಿ ಅರ್ಜಿಗೂ ಸಾಲ ಕೊಡುವವರು ನಿಮ್ಮ ವರದಿ ತೆಗೆಸಿ ನೋಡಿದ್ದು ಒಂದು ವಿಚಾರಣೆಯಾಗಿ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ನಾಲ್ಕೈದು ಬಿದ್ದರೆ ದುಡ್ಡಿಗೆ ಪರದಾಡುತ್ತಿದ್ದಾರೆ ಎಂದೇ ಲೆಕ್ಕ.

ಬ್ಯಾಂಕಿಗೆ ಹೋಗುವಾಗ

ಅರ್ಜಿಗೆ ಎರಡು ತಿಂಗಳ ಮುಂಚೆ ಇನ್ನೊಮ್ಮೆ ವರದಿ ನೋಡಿ. ಗಂಡ ಹೆಂಡತಿ ಜೊತೆಯಾಗಿ ಅರ್ಜಿ ಹಾಕುವುದಾದರೆ ಇಬ್ಬರದ್ದೂ ನೋಡಬೇಕು, ಒಬ್ಬರದು ಕೆಟ್ಟಿದ್ದರೂ ಅರ್ಜಿಗೆ ಪೆಟ್ಟು. ಎಲ್ಲಾ ಕಂತು ಸೇರಿ ಕೈಗೆ ಬರುವ ಆದಾಯದ ಅರ್ಧ ದಾಟದಿರಲಿ. ಕೈಯಿಂದ ಹಾಕುವ ದುಡ್ಡೂ ಸಿದ್ಧವಿರಲಿ: ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲ ಆಸ್ತಿ ಬೆಲೆಯ ಶೇ 90 ಮೀರುವಂತಿಲ್ಲ, 30ರಿಂದ 75 ಲಕ್ಷದವರೆಗೆ ಶೇ 80. ಮೊದಲು ಒಂದೇ ಬ್ಯಾಂಕಿಗೆ, ನಿಮ್ಮ ಸಂಬಳ ಬರುವ ಬ್ಯಾಂಕಾದರೆ ಇನ್ನೂ ಒಳ್ಳೆಯದು, ಅರ್ಜಿ ಕೊಡಿ. ಹಳೇ ಸುಸ್ತಿ ಏಕಾಯಿತೆಂದು ಒಂದು ಪುಟದಲ್ಲಿ ಬರೆದು, ಬಾಕಿ ಇಲ್ಲದ ಪತ್ರಗಳನ್ನು ಲಗತ್ತಿಸಿ. ಅವರು ಕೇಳುವ ಮುಂಚೆ ನೀವೇ ತೋರಿಸಿ.

ಮಂಜೂರಾತಿ ಪತ್ರ ಬಂದ ಮೇಲೂ ಕೈ ಬಿಗಿಯಾಗಿರಲಿ. ಮನೆ ಕಟ್ಟುವ ಸಾಲ ತಳಪಾಯ, ತಾರಸಿ ಎಂದು ಹಂತ ಹಂತವಾಗಿ ಬಿಡುಗಡೆಯಾಗುತ್ತದೆ. ನಡುವೆ ಬ್ಯಾಂಕು ಮತ್ತೆ ವರದಿ ತೆಗೆಸಬಹುದು. ಗೃಹಪ್ರವೇಶಕ್ಕೆಂದು ಫ್ರಿಜ್ಜು, ಸೋಫಾ ಕಂತಿನ ಮೇಲೆ ತರುವ ಆಸೆಯನ್ನು ಬ್ಯಾಂಕಿನಿಂದ ಕೊನೆಯ ಹಂತದ ದುಡ್ಡು ಕೈಸೇರುವವರೆಗೆ ತಡೆದುಕೊಳ್ಳಿ.