ಕಾರ್ಕ್ ನೆಲ ಬೇಕಾ? ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಮೊದಲು ತೇವ ನೋಡಿ

ಕೊಡಗಿನಲ್ಲಿ ಕಾರ್ಕ್ ನೆಲ ಹಾಕಿಸುವವರು ಬಣ್ಣ ನೋಡುತ್ತಾರೆ, ಡಿಸೈನ್ ನೋಡುತ್ತಾರೆ, ರೇಟು ಚೌಕಾಸಿ ಮಾಡುತ್ತಾರೆ. ಅಡಿಯ ಕಾಂಕ್ರೀಟ್ ಒಣಗಿದೆಯಾ ಅಂತ ಮಾತ್ರ ಯಾರೂ ನೋಡುವುದಿಲ್ಲ. ಫೆಬ್ರವರಿಯಲ್ಲಿ ಚೆಂದ ಕೂತಿದ್ದ ಟೈಲ್‌ಗಳು ಜುಲೈನಲ್ಲಿ ಮೂಲೆ ಎತ್ತಿದ್ದನ್ನು ನಾನು ನೋಡಿದ್ದೇನೆ. ಒಂದನ್ನು ಬಿಡಿಸಿ ನೋಡಿದರೆ ಗಮ್ ಬೆಳ್ಳಗೆ ಮೆತ್ತಗಾಗಿತ್ತು, ಕಾರ್ಕ್‌ನ ಬೆನ್ನಿಗೆ ಕಪ್ಪು ಬೂಷ್ಟು ಹಿಡಿದಿತ್ತು.

ವಸ್ತು ಮಾತ್ರ ತುಂಬಾ ಒಳ್ಳೆಯದು. ಪೋರ್ಚುಗಲ್, ಸ್ಪೇನ್ ಕಡೆ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ ಇದು. ಮರ ಕಡಿಯುವುದಿಲ್ಲ, ಸುಮಾರು 9 ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ. ಬಾಟಲಿ ಬಿರಡೆ ಮಾಡಿ ಉಳಿದದ್ದನ್ನು ಪುಡಿ ಮಾಡಿ, ಅಂಟು ಸೇರಿಸಿ ಒತ್ತಿದರೆ ಟೈಲ್. ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳು. ಹಾಗಾಗಿ ಮಳೆಗಾಲದ ಬೆಳಿಗ್ಗೆ ಬರಿಗಾಲು ಇಟ್ಟರೂ ಥಂಡಿ ಹತ್ತುವುದಿಲ್ಲ. ಮಂಡಿ ನೋವಿರುವ ಹಿರಿಯರ ಕೋಣೆಗೆ ಇದಕ್ಕಿಂತ ಒಳ್ಳೆಯ ನೆಲ ನನಗೆ ಗೊತ್ತಿಲ್ಲ.

1. ಕೋಣೆ ಆರಿಸಿ

ಮಲಗುವ ಕೋಣೆ, ಓದುವ ಕೋಣೆ, ಮಹಡಿ. ಬಚ್ಚಲು, ಜಗಲಿ, ಅಡುಗೆಮನೆ ಬೇಡ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಚೆನ್ನಾಗಿದ್ದರೆ ದಯವಿಟ್ಟು ಅದನ್ನು ಮುಟ್ಟಬೇಡಿ. ಆ ನುಣುಪಿಗೆ ಗಮ್ ಹಿಡಿಯಬೇಕಾದರೆ ಉಜ್ಜಿ ತೆಗೆಯಬೇಕು. ಅಂಥ ನೆಲ ಮತ್ತೆ ಮಾಡಿಕೊಡುವ ಮೇಸ್ತ್ರಿ ಈಗ ಸುಲಭಕ್ಕೆ ಸಿಗುವುದಿಲ್ಲ.

2. ತೇವ ಪರೀಕ್ಷೆ

ಇದೊಂದನ್ನು ಅವಸರ ಮಾಡಬೇಡಿ. ಉದ್ದವೂ ಅಗಲವೂ ಒಂದೂವರೆ ಅಡಿ ಇರುವ ದಪ್ಪ ಪ್ಲಾಸ್ಟಿಕ್ ಶೀಟ್ ತಗೊಳ್ಳಿ. ನೆಲ ಗುಡಿಸಿ, ಶೀಟ್ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಅಗಲದ ಟೇಪ್ ಹಚ್ಚಿ. ಕನಿಷ್ಠ 16 ಗಂಟೆ ಬಿಡಬೇಕು ಅನ್ನುತ್ತಾರೆ, ನಾನು ಮೂರು ದಿನ ಬಿಡಿ ಅನ್ನುತ್ತೇನೆ. ತೆಗೆದಾಗ ಶೀಟಿನ ಅಡಿಯಲ್ಲಿ ಹನಿ ಕಂಡರೆ, ಅಥವಾ ಅಷ್ಟು ಜಾಗದ ಕಾಂಕ್ರೀಟ್ ಸುತ್ತಲಿಗಿಂತ ಕಪ್ಪಾಗಿದ್ದರೆ, ಕಾರ್ಕ್ ಹಾಕುವ ಹಾಗಿಲ್ಲ.

ಎಲ್ಲಿ ಹಚ್ಚುತ್ತೀರಿ ಅನ್ನುವುದೂ ಮುಖ್ಯ. ನಮ್ಮಲ್ಲಿ ಎಷ್ಟೋ ಮನೆಗಳು ಗುಡ್ಡ ಕಡಿದು ಕಟ್ಟಿದವು, ಹಿಂದೆಯೇ ಬರೆ, ಅಂದರೆ ಕಡಿದ ಗುಡ್ಡದ ನೆಟ್ಟಗಿನ ಮಣ್ಣಿನ ಗೋಡೆ. ಮಳೆ ನೀರು ಬರೆಯಿಂದ ಇಳಿದು ಹಿಂದಿನ ಗೋಡೆಯ ಬುಡಕ್ಕೆ ಬರುತ್ತದೆ. ಆದ್ದರಿಂದ ಕೋಣೆಯ ನಡುವೆ ಒಂದು ಶೀಟ್, ಬರೆ ಕಡೆಯ ಗೋಡೆ ಪಕ್ಕ ಒಂದು, ಬಚ್ಚಲಿಗೆ ತಾಗಿದ ಗೋಡೆ ಪಕ್ಕ ಒಂದು ಹಚ್ಚಿ.

ಯಾವಾಗ ಅಂತೀರಾ? ಕಕ್ಕಡದಲ್ಲಿ. ಮಾರ್ಚ್‌ನಲ್ಲಿ ಪರೀಕ್ಷೆ ಮಾಡಿದರೆ ಯಾವ ನೆಲವೂ ಪಾಸಾಗುತ್ತದೆ, ಅಲ್ವಾ? ಜುಲೈ–ಆಗಸ್ಟ್‌ನಲ್ಲಿ ಪರೀಕ್ಷೆ, ಜನವರಿಯಲ್ಲಿ ಕೆಲಸ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಮುಗಿಯಬೇಕು.

ತೇವ ಇದ್ದರೆ ಮೊದಲು ಮನೆ ಹಿಂದಿನ ಚರಂಡಿ ಸರಿಮಾಡಿಸಿ. ಆಮೇಲೆ ನೆಲಕ್ಕೆ ಎಪಾಕ್ಸಿ ತೇವ ತಡೆ ಬಳಿಸಿ, ಮುಂದಿನ ಮಳೆಗಾಲದಲ್ಲಿ ಮತ್ತೆ ಶೀಟ್ ಹಚ್ಚಿ ನೋಡಿ. ‘ಸುಮ್ನೆ ಒಂದು ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಅಂಟಿಸ್ತೇವೆ’ ಅನ್ನುವವರನ್ನು ವಾಪಸ್ ಕಳಿಸಿ. ಪ್ಲಾಸ್ಟಿಕ್ಕಿಗೆ ಅಂಟಿದ್ದು ನೆಲಕ್ಕೆ ಅಂಟಿದ ಹಾಗಾಗುವುದಿಲ್ಲ.

3. ಮಾಲು ನೋಡಿ

ಎರಡು ಬಗೆ ಸಿಗುತ್ತದೆ. ಒಂದು, ಪೂರ್ತಿ ಕಾರ್ಕ್‌ನದೇ 4–6 ಮಿ.ಮೀ. ಟೈಲ್, ಗಮ್ ಹಾಕಿ ಅಂಟಿಸುವುದು. ಇನ್ನೊಂದು, ಒಂದಕ್ಕೊಂದು ಸಿಕ್ಕಿಸುವ ಹಲಗೆ, ಸುಮಾರು 10–12 ಮಿ.ಮೀ. ಈ ಹಲಗೆಯ ನಡುವೆ ಸಾಮಾನ್ಯವಾಗಿ ಮರದ ನಾರು ಒತ್ತಿ ಮಾಡಿದ ಪದರ ಇರುತ್ತದೆ. ಅದು ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಕೊಡಗಿಗೆ ಅಂಟಿಸುವ ಟೈಲೇ ಸರಿ. ನಂಬಿಕೆ ಬರದಿದ್ದರೆ ಎರಡರ ಸ್ಯಾಂಪಲ್ ತುಂಡನ್ನೂ ಒಂದು ರಾತ್ರಿ ಬಕೆಟ್ ನೀರಿನಲ್ಲಿ ಹಾಕಿಟ್ಟು, ಬೆಳಿಗ್ಗೆ ಅಂಚು ನೋಡಿ.

ಕಾರ್ಕ್ ಚಿತ್ರ ಅಚ್ಚು ಹಾಕಿದ ವಿನೈಲ್ ಕೂಡ ಇದೆ. ಕತ್ತರಿಸಿದ ಅಂಚಿನಲ್ಲಿ ಕಾಳು ಕಾಣದಿದ್ದರೆ ಅದು ಕಾರ್ಕ್ ಅಲ್ಲ. ಉಗುರಿನಿಂದ ಒತ್ತಿದರೆ ಗುಳಿ ಉಳಿಯುವ ಹಗುರ ಶೀಟ್ ನೋಟಿಸ್ ಬೋರ್ಡಿಗೆ ಮಾಡಿದ್ದು. ಅಗ್ಗ ಅಂತ ಅದನ್ನು ನೆಲಕ್ಕೆ ತರಬೇಡಿ.

4. ಅಂಟಿಸುವುದು

ಪೆಟ್ಟಿಗೆ ಬಿಚ್ಚಿ ಟೈಲನ್ನು ಅದೇ ಕೋಣೆಯಲ್ಲಿ ಮೂರು ದಿನ ಇಡಿ. ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೆಲದ ಏರುತಗ್ಗು ನೋಡಿ, ತುಂಬಿಸಿ. ಕಾಂಟ್ಯಾಕ್ಟ್ ಗಮ್ಮನ್ನು ನೆಲಕ್ಕೂ ಟೈಲ್ ಬೆನ್ನಿಗೂ ಬಳಿಯಬೇಕು. ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಕೂರಿಸಬೇಕು. ಕೂರಿಸಿದ ಮೇಲೆ ಜರುಗಿಸಲು ಆಗುವುದಿಲ್ಲ, ಅದಕ್ಕೇ ಮೊದಲು ಕೋಣೆ ನಡುವೆ ದಾರ ಹಿಡಿದು ಗೆರೆ ಹಾಕಿಸಿ. ಮರಗೆಲಸದ ಬಿಳಿ ಗಮ್ ಬಳಸಲು ಬಿಡಬೇಡಿ. ಭಾರದ ರೋಲರ್ ಎಳೆದ ಮೇಲೆ ಎರಡು ಕೋಟ್ ಪಾಲಿಯುರಿಥೇನ್ ಪಾಲಿಶ್. ಟೈಲ್ ಪಾಲಿಶ್ ಆಗಿಯೇ ಬಂದಿದ್ದರೂ ಇದನ್ನು ಬಿಡಬೇಡಿ. ಸಂದಿಗಳು ಮುಚ್ಚುವುದು ಇದರಿಂದಲೇ.

5. ಆಮೇಲೆ

ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು, ಬಕೆಟ್ ನೀರು ಚೆಲ್ಲಬೇಡಿ. ತೋಟದ ಬೂಟು ಹೊರಗೇ ಇರಲಿ, ಕೆಂಪು ಮಣ್ಣಿನ ಹರಳು ಪಾಲಿಶನ್ನು ಗೀರುತ್ತದೆ. ರಬ್ಬರ್ ತಳದ ಮ್ಯಾಟ್ ಬೇಡ, ಕಲೆ ಬೀಳುತ್ತದೆ. ಕಿಟಕಿ ಬಿಸಿಲಿಗೆ ಬಣ್ಣ ಮಾಸುತ್ತದೆ, ಪರದೆ ಇರಲಿ. ನೂರಕ್ಕೆ ಹತ್ತು ಟೈಲ್ ಜಾಸ್ತಿ ತರಿಸಿ, ಉಳಿದದ್ದನ್ನು ಒಣಗಿದ ಜಾಗದಲ್ಲಿ ಇಡಿ. ಮುಂದಿನ ಲೋಡಿನಲ್ಲಿ ಅದೇ ಬಣ್ಣ ಬರುವುದು ಅಪರೂಪ.