ಆಫ್ ಆಗದ ಕಂಪ್ಯೂಟರ್, ತುಲಾ ತಿಂಗಳ ಗುಡುಗು

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಇವೇ ಕೆಲಸ. ಅಕ್ಟೋಬರ್, ನವೆಂಬರಿನ ತುಲಾ ತಿಂಗಳಲ್ಲಿ ನಮ್ಮ ಕಡೆ ಬೆಳಿಗ್ಗೆ ಚುರುಗುಟ್ಟುವ ಬಿಸಿಲು. ಮಧ್ಯಾಹ್ನ ಮೂರು ದಾಟಿತೆಂದರೆ ಮೂಡಣ ಗುಡ್ಡದ ಮೇಲೆ ಮೋಡ ಕಟ್ಟಿ ಗುಡುಗು ಶುರು. ಮೊದಲ ಗುಡುಗಿಗೇ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ಗು, ನೆಟ್ಟಿನ ವಯರು ಎಳೆದಿಡಬೇಕು. ಅಂಥ ಹೊತ್ತಿಗೇ ನನ್ನ ಕಂಪ್ಯೂಟರ್ ‘ಶಟ್ಟಿಂಗ್ ಡೌನ್’ ಎಂದು ತೋರಿಸಿ, ಚುಕ್ಕಿಗಳ ಬಳೆ ತಿರುಗಿಸುತ್ತ ನಿಂತುಬಿಡುತ್ತಿತ್ತು. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ.

ಕೊನೆಗೆ ಪವರ್ ಬಟನ್ ಒತ್ತಿ ಹಿಡಿಯುತ್ತಿದ್ದೆ. ಹಾಗೆ ಮಾಡಿದ ಒಂದು ಸಂಜೆಯ ಮರುದಿನ 16 ಪುಟದ ಆಮಂತ್ರಣದ ಫೈಲು ತೆರೆಯಲೇ ಇಲ್ಲ. ಎರಡು ದಿನದ ಕೆಲಸ ಹೋಯಿತು. ರಿಪೇರಿಯ ಹುಡುಗ ನೋಡಿ, “ಅಕ್ಕಾ, ಫಾರ್ಮ್ಯಾಟ್ ಮಾಡದೆ ಇದು ಸರಿಯಾಗ್ಲಿಕ್ಕಿಲ್ಲ” ಎಂದ. ನನಗೆ ಮನಸ್ಸಾಗಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಹನ್ನೆರಡು ವರ್ಷದ ಫೈಲುಗಳು, ಅವಕ್ಕೆ ಹೊಂದಿಸಿಟ್ಟ ಸಾಫ್ಟ್‌ವೇರುಗಳು ಅದರಲ್ಲಿವೆ. ಕಾರಣವೇ ತಿಳಿಯದೆ ಎಲ್ಲ ಅಳಿಸುವುದು ಹೇಗೆ?

ಸುಳಿವು ಸಿಕ್ಕಿದ್ದು ಒಂದು ಮಿಂಚಿನಿಂದ. ಕಂಪ್ಯೂಟರ್ ಕಾಲು ಗಂಟೆಯಿಂದ ಹಾಗೇ ನಿಂತಿತ್ತು. ಹೊರಗೆ ಫಳ್ಳೆಂದು ಮಿಂಚಿದಾಗ ಗಾಬರಿಯಲ್ಲಿ ಕೈಗೆ ಮೊದಲು ಸಿಕ್ಕಿದ ಪ್ರಿಂಟರಿನ ಯುಎಸ್‌ಬಿ ವಯರನ್ನು ಎಳೆದೆ. ಎರಡೇ ಸೆಕೆಂಡು, ಪರದೆ ಕಪ್ಪಾಯಿತು, ಫ್ಯಾನಿನ ಸದ್ದು ನಿಂತಿತು.

ಮರುದಿನ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ‘ವರ್ಬೋಸ್ ಸ್ಟೇಟಸ್’ ಎಂಬ ಸೆಟ್ಟಿಂಗನ್ನು 1 ಮಾಡಿದೆ. ಹಾಗೆ ಮಾಡಿದರೆ ವಿಂಡೋಸ್ ಆಫ್ ಆಗುವಾಗ ಏನನ್ನು ನಿಲ್ಲಿಸುತ್ತಿದೆ ಎಂದು ಪರದೆಯ ಮೇಲೆ ಬರೆಯುತ್ತದೆ. ನಿಂತದ್ದು ಪ್ರಿಂಟ್ ಸ್ಪೂಲರಿನ ಹೆಸರಿನ ಮೇಲೆ. ಪ್ರಿಂಟಿಗೆ ಕಳಿಸಿದ್ದನ್ನು ಕ್ಯೂನಲ್ಲಿಟ್ಟು ಪ್ರಿಂಟರಿಗೆ ದಾಟಿಸುವ ಸರ್ವೀಸು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ಅದು. ಸಾಮಾನ್ಯವಾಗಿ ಯಾವ ಸರ್ವೀಸಿಗೂ ವಿಂಡೋಸ್ 5 ಸೆಕೆಂಡು ಕೊಟ್ಟು, ಆಮೇಲೆ ಬಲವಂತವಾಗಿ ಮುಚ್ಚುತ್ತದೆ. ಆದರೆ ಆ ಸರ್ವೀಸು ಡ್ರೈವರಿಗೆ (ಪ್ರಿಂಟರಿನಂಥ ಸಾಧನವನ್ನು ನಡೆಸುವ ಸಾಫ್ಟ್‌ವೇರಿಗೆ) ಕಳಿಸಿದ ಕೆಲಸ ವಾಪಸು ಬಾರದಿದ್ದರೆ ಬಲವಂತಕ್ಕೂ ಅದು ಮುಚ್ಚುವುದಿಲ್ಲ. ಗುಡುಗು ಕೇಳಿದ ಕೂಡಲೇ ನಾನು ಮೊದಲು ಆಫ್ ಮಾಡುತ್ತಿದ್ದುದು ಪ್ರಿಂಟರನ್ನು! ಅರ್ಧಕ್ಕೆ ನಿಂತ ಪ್ರಿಂಟು ಕ್ಯೂನಲ್ಲೇ ಉಳಿಯುತ್ತಿತ್ತು, ಹಳೆಯ ಡ್ರೈವರು ಪ್ರಿಂಟರಿನ ಉತ್ತರಕ್ಕೆ ಕಾಯುತ್ತ ಕೂರುತ್ತಿತ್ತು. ವಯರು ಎಳೆದಾಗ ಆ ಕಾಯುವಿಕೆ ಮುಗಿಯಿತು.

ಸರ್ವೀಸಸ್ ತೆರೆದು ಸ್ಪೂಲರನ್ನು ‘ಡಿಸೇಬಲ್ಡ್’ ಮಾಡಿ ರೀಸ್ಟಾರ್ಟ್ ಮಾಡಿದೆ. ಕ್ಯೂನಲ್ಲಿರುವ ಪ್ರಿಂಟುಗಳು ಕೂರುವ ಜಾಗಕ್ಕೆ ಹೋದೆ: ಸಿ ಡ್ರೈವಿನ ವಿಂಡೋಸ್ ಫೋಲ್ಡರು, ಅದರೊಳಗೆ ಸಿಸ್ಟಂ32, ಸ್ಪೂಲ್, ಪ್ರಿಂಟರ್ಸ್. ಅಲ್ಲಿ ಆರು ಫೈಲುಗಳಿದ್ದವು. ಒಂದು ಪ್ರಿಂಟಿಗೆ ಎಸ್‌ಪಿಎಲ್, ಎಸ್‌ಎಚ್‌ಡಿ ಎಂದು ಎರಡೆರಡು ಫೈಲು, ಅಂದರೆ ಮೂರು ಕೆಲಸ. ಒಂದರ ತಾರೀಕು ವಿಷುವಿನ ಸಮಯದ್ದು. ಅವನ್ನು ಅಳಿಸಿದೆ (ಫೋಲ್ಡರನ್ನಲ್ಲ, ಒಳಗಿನ ಫೈಲುಗಳನ್ನು ಮಾತ್ರ), ಸ್ಪೂಲರನ್ನು ಮತ್ತೆ ‘ಆಟೋಮ್ಯಾಟಿಕ್’ ಮಾಡಿದೆ. ವಿಂಡೋಸ್ 7ರ ಕಾಲದ ಪ್ರಿಂಟರ್ ಡ್ರೈವರನ್ನು ಬೇರುಸಹಿತ ತೆಗೆದು ಹೊಸದನ್ನು ಹಾಕಿದೆ. ಈಗ ಗುಡುಗಿದರೆ ಮೊದಲು ಕ್ಯೂ ನೋಡುತ್ತೇನೆ, ಕಂಪ್ಯೂಟರ್ ಆಫ್ ಆಗುತ್ತದೆ, ಪ್ರಿಂಟರು ಕೊನೆಗೆ.

ಪೆರ್ಲದ ಭಾವನ ಲ್ಯಾಪ್‌ಟಾಪಿನದ್ದು ಬೇರೆಯೇ ಕಥೆ. ಪರದೆ ಕಪ್ಪಾದರೂ ಫ್ಯಾನು ತಿರುಗುತ್ತಲೇ ಇರುತ್ತಿತ್ತು. ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಭಾವ, ರೀಸ್ಟಾರ್ಟ್ ಸರಿಯಾಗ್ತದಾ?” ಆಗುತ್ತಿತ್ತು. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಇದ್ದರೆ, ಶಟ್‌ಡೌನ್ ಮಾಡುವಾಗ ಯಂತ್ರ ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟಿನಲ್ಲಿ ಹಾಗೆ ಮಾಡುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಅದರ ಟಿಕ್ ತೆಗೆದೆವು, ಸರಿಯಾಯಿತು. ಆದರೆ ಡಿಸ್ಕಿನ ದೀಪ ಮಿನುಗುತ್ತಿದ್ದರೆ ಅಪ್‌ಡೇಟ್ ಬರೆಯುತ್ತಿರಬಹುದು, ಆಗ ಬಟನ್ ಮುಟ್ಟಬೇಡಿ ಎಂದು ಅವನಿಗೂ ಹೇಳಿದ್ದೇನೆ.

ತಿಂಗಳಿಗೊಮ್ಮೆ ವಿಂಡೋಸಿನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್ ತೆರೆದು 6008 ಎಂಬ ನಂಬರು ಹುಡುಕುತ್ತೇನೆ; ಸರಿಯಾಗಿ ಆಫ್ ಆಗದೆ ನಿಂತ ಪ್ರತಿ ಸಲವೂ ಅದು ದಾಖಲಾಗುತ್ತದೆ. ಕಳೆದ ವರ್ಷ ಸಾಲುಸಾಲಾಗಿ ಇತ್ತು. ಈ ಸಲ ಒಂದೇ ಒಂದು, ಅದೂ ಕರೆಂಟು ಹೋಗಿ ಯುಪಿಎಸ್‌ನ ಬ್ಯಾಟರಿ ಇಳಿದ ದಿನದ್ದು.