ಮಗಳ ಹಗಲು ನಿದ್ದೆಗೆ ಒಂದು ಹದ ಬಂದಿದ್ದು ಹೀಗೆ

ಹಗಲು ಮಲಗಿಸಬೇಡ, ರಾತ್ರಿ ಚೆನ್ನಾಗಿ ಮಲಗ್ತದೆ ಅಂತ ನಮ್ಮ ಕಡೆ ಸುಮಾರು ಜನ ಹೇಳುತ್ತಾರೆ. ನನ್ನ ಮಗಳ ವಿಷಯದಲ್ಲಿ ಪೂರ್ತಿ ಉಲ್ಟಾ. ಹಗಲು ನಿದ್ದೆ ಕೆಟ್ಟ ದಿನ ದೀಪ ಹಚ್ಚುವ ಹೊತ್ತಿಗೇ ರಚ್ಚೆ ಹಿಡಿಯುತ್ತಿದ್ದಳು, ರಾತ್ರಿಯೂ ಪದೇ ಪದೇ ಏಳುತ್ತಿದ್ದಳು. ಅದಕ್ಕೇ 3 ತಿಂಗಳು ತುಂಬಿದ ಮೇಲೆ ಹಗಲು ನಿದ್ದೆಯನ್ನೇ ಮೊದಲು ಸರಿ ಮಾಡಲು ಕೂತೆ. ಅದಕ್ಕಿಂತ ಮುಂಚೆ ಇದೆಲ್ಲ ಬೇಡ. ಎಳೇ ಮಗುವಿಗೆ ಹಗಲು ರಾತ್ರಿಯ ಲೆಕ್ಕ ಇರುವುದಿಲ್ಲ.

ನಾನು ನೋಡಿದ್ದು ಗಡಿಯಾರದಲ್ಲಿ ಗಂಟೆ ಎಷ್ಟು ಅಂತಲ್ಲ, ಅವಳು ಎದ್ದು ಎಷ್ಟು ಹೊತ್ತಾಯ್ತು ಅಂತ. 3-4 ತಿಂಗಳ ಮಗು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ ಎಚ್ಚರ ಇರುತ್ತದೆ, 6 ತಿಂಗಳ ಹೊತ್ತಿಗೆ ಅದು ಎರಡೂವರೆ ಗಂಟೆಯವರೆಗೆ ಹೋಗುತ್ತದೆ. ಆ ಹೊತ್ತು ಹತ್ತಿರ ಬಂದಾಗ ನಾನು ಬೇರೆ ಕೆಲಸ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ನಗುತ್ತಾ ಆಡುತ್ತಿದ್ದವಳು ಮುಖ ಆಚೆ ತಿರುಗಿಸಿ ಸುಮ್ನೆ ಗೋಡೆ ನೋಡುತ್ತಾಳೆ, ಹುಬ್ಬಿನ ಹತ್ತಿರ ಚರ್ಮ ಕೆಂಪಾಗುತ್ತದೆ, ಆಮೇಲೆ ಕಿವಿ ಎಳೆದುಕೊಳ್ಳುತ್ತಾಳೆ. ಗೋಡೆ ನೋಡುವಾಗಲೇ ಒಳಗೆ ಕರೆದುಕೊಂಡು ಹೋದರೆ ಬೇಗ ಮಲಗುತ್ತಾಳೆ. ಅಳು ಶುರುವಾದ ಮೇಲೆ ಬಹಳ ಕಷ್ಟ, ದಣಿವು ಜಾಸ್ತಿಯಾದಷ್ಟೂ ನಿದ್ದೆ ದೂರ ಹೋಗುತ್ತದೆ.

ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಇಲ್ಲಿ ಮಗುವಿಗೆ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹದ ಮಾಡಿಕೊಂಡು ಮೀಯಿಸುತ್ತಾರೆ. ಮಿಂದ ಮೇಲಿನ ನಿದ್ದೆಯಷ್ಟು ಗಟ್ಟಿ ನಿದ್ದೆ ಇನ್ನೊಂದಿಲ್ಲ ಅಲ್ವಾ? ಆದರೆ ಮೀಯಿಸಲು ಬರುವ ಅಜ್ಜಿ ಒಂದು ದಿನ ಎಂಟಕ್ಕೆ ಬಂದರೆ ಇನ್ನೊಂದು ದಿನ ಹನ್ನೊಂದಕ್ಕೆ. "ಅಜ್ಜಿ, ದಿನಾ ಹತ್ತರ ಸುಮಾರಿಗೇ ಬನ್ನಿ, ಇವಳ ನಿದ್ದೆ ಸರಿಯಾಗ್ತದೆ" ಅಂದೆ. "ಆಯ್ತು ತಂಗಿ, ಮನೆ ಕೆಲಸ ಮುಗಿಸ್ಕಂಡು ಬರ್ತೆ" ಅಂದರು, ಬಂದರು ಕೂಡ. ಮೀಯಿಸಿ, ಹಾಲು ಕುಡಿಸಿ, ತೇಗು ಬಂದ ಮೇಲೆ ಮಲಗಿಸುವುದು. ಇದೊಂದು ನಿದ್ದೆ ಗಟ್ಟಿಯಾದ ಮೇಲೆ ಉಳಿದವು ಅದರ ಹಿಂದೆ ಮುಂದೆ ತಾವಾಗಿಯೇ ಕೂತವು.

ಎಲ್ಲಿ ಮಲಗಿಸುವುದು ಅನ್ನುವುದರ ಬಗ್ಗೆ ಮನೆಯಲ್ಲಿ ತುಂಬಾ ಮಾತಾಯಿತು. ಅತ್ತೆ ಪ್ರೀತಿಯಿಂದ ಸೀರೆಯ ಜೋಲಿ ಕಟ್ಟಿದ್ದರು. ಅದರಲ್ಲಿ ಮಗು ಬೇಗ ಮಲಗುತ್ತದೆ, ನಿಜ. ಆದರೆ ಗದ್ದ ಎದೆಗೆ ಒತ್ತಿಕೊಳ್ಳುತ್ತದೆ, ಬಟ್ಟೆ ಮೂಗಿಗೆ ಅಡ್ಡ ಬರಬಹುದು, ಮಗುವಿನ ಉಸಿರಿಗೆ ಅದು ಒಳ್ಳೆಯದಲ್ಲ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ದಿಂಬು ಬೇಡ, ಮುಖದ ಹತ್ತಿರ ಬಟ್ಟೆ ಬೇಡ, ಅಂಗಾತ ಮಲಗಿಸಬೇಕು. ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ.

ಜೋಲಿ ಬಿಡಿಸಿದ್ದು ನಿಧಾನಕ್ಕೆ. ಮೊದಲು ಅದರ ಬದಲು ಎತ್ತಿಕೊಂಡೇ ತೂಗಿದೆ. ಆಮೇಲೆ ಕಣ್ಣು ಭಾರವಾಗುತ್ತಿದ್ದಂತೆ ತೂಗುವುದು ನಿಲ್ಲಿಸಿ ಕೆಳಗಿಡುತ್ತಿದ್ದೆ. ಇಡುವಾಗ ಮೊದಲು ಕುಂಡೆ ತಾಗಬೇಕು, ಆಮೇಲೆ ಬೆನ್ನು, ಕೊನೆಗೆ ತಲೆ. ತಲೆ ಮೊದಲು ಹೋದರೆ ಬೆಚ್ಚಿ ಕೈ ಎರಡೂ ಚಾಚಿ ಎದ್ದೇಬಿಡುತ್ತಾಳೆ. ತಲೆ ಕೆಳಗೆ ಬಂದ ಮೇಲೂ ಅಂಗೈ ಎದೆಯ ಮೇಲೆ ಹಗುರವಾಗಿ ಇಟ್ಟಿರಬೇಕು, ಉಸಿರು ಒಂದೇ ಸಮ ಆಗುವ ತನಕ.

ನಲವತ್ತು ನಿಮಿಷಕ್ಕೆ ಎದ್ದರೆ ಗಾಬರಿ ಬೇಡ. ಮಗುವಿನ ನಿದ್ದೆಯ ಒಂದು ಸುತ್ತು ಸುಮಾರು ಅಷ್ಟೇ, 5-6 ತಿಂಗಳವರೆಗೂ ಹಗಲು ನಿದ್ದೆ ಹೀಗೆ ಚಿಕ್ಕದಿರುವುದು ಸಹಜ. ಮಿಸುಕಾಡಿದ ತಕ್ಷಣ ಎತ್ತುವ ಬದಲು ನಾನು ಮೆಲ್ಲಗೆ ತಟ್ಟಿ ನೋಡುತ್ತಿದ್ದೆ. ಎಷ್ಟೋ ಸಲ ಮತ್ತೆ ಮಲಗುತ್ತಿದ್ದಳು, ಇಲ್ಲದಿದ್ದರೆ ಎತ್ತಿಕೊಳ್ಳುವುದು.

ಮಳೆಗಾಲದಲ್ಲಿ ಕೋಣೆ ತಾನಾಗಿ ಕತ್ತಲೆ, ಹಂಚಿನ ಮೇಲೆ ಮಳೆ ಸದ್ದಿಗೆ ಮೀನು ಮಾರುವವರ ಕೂಗೂ ಕೇಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕಷ್ಟ. ತೆಳು ಹತ್ತಿ ಬಟ್ಟೆ ಒಂದೇ ಹಾಕಿ, ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ. ಬೆವರಿದ್ದರೆ ಸೆಕೆ ಆಗಿದೆ ಅಂತಲೇ ಅರ್ಥ. ಕೈಕಾಲು ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ.

ಈಗ ಅವಳಿಗೆ 7 ತಿಂಗಳು, ಹಗಲು ಮೂರು ಸಲ ಮಲಗುತ್ತಾಳೆ. ಸಂಜೆಯದ್ದು ಅರ್ಧ ಗಂಟೆ ಅಷ್ಟೇ, ಐದು ಗಂಟೆ ದಾಟಲು ಬಿಡುವುದಿಲ್ಲ. ದಾಟಿದರೆ ರಾತ್ರಿ ಹತ್ತಾದರೂ ಕಣ್ಣು ಮುಚ್ಚುವುದಿಲ್ಲ.